ತಲೆಯೆತ್ತದವರ ಊರು

ಕಳೆದ ತಿಂಗಳು ಒಂದು ಬೆಳಿಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಮುಂದೆ ಕೈಚೀಲ ಹಿಡಿದು ನಿಂತಿದ್ದೆ. ಮನೆಯಿಂದ ಹೊರಟದ್ದು ನಿಂಬೆಹಣ್ಣಿಗೆ. ನಿಂತದ್ದು ಮಾತ್ರ ಕಟ್ಟಡದ ನೆತ್ತಿಯನ್ನು ನೋಡುವುದಕ್ಕೆ. ಎರಡು ಮೂರು ನಿಮಿಷ ಹಾಗೆಯೇ ಕತ್ತೆತ್ತಿಕೊಂಡಿದ್ದೆನೆಂದು ಕಾಣುತ್ತದೆ. ಪಕ್ಕದಲ್ಲಿ ಪುದೀನ ಮಾರುತ್ತಿದ್ದಾತ ತಾನೂ ಕತ್ತೆತ್ತಿದ. ಅವನನ್ನು ನೋಡಿ ಇನ್ನಿಬ್ಬರು ಎತ್ತಿದರು.

"ಏನ್ ಸಾಬ್, ಏನಾದ್ರೂ ಬೀಳ್ತದಾ?" ಎಂದು ಕೇಳಿದ.

"ಇಲ್ಲಪ್ಪ, ಕಟ್ಟಡ ನೋಡ್ತಿದ್ದೀನಿ" ಎಂದೆ.

"ಅದು ಯಾವಾಗ್ಲೂ ಅಲ್ಲೇ ಇರ್ತದಲ್ಲಾ ಸಾಬ್!" ಎಂದು ಹೇಳಿ ಸೊಪ್ಪಿಗೆ ನೀರು ಚಿಮುಕಿಸಿದ.

ಆತನನ್ನು ನಾನು ದೂರುವುದಿಲ್ಲ. 1927ರಲ್ಲಿ ಕಟ್ಟಿ 1933ರಲ್ಲಿ ಬಾಗಿಲು ತೆರೆದ ಈ ಮಾರುಕಟ್ಟೆಗೆ 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಎಷ್ಟೋ ಅಂಗಡಿಗಳು ಸುಟ್ಟುಹೋದಾಗ, ಮರುದಿನ ಬೂದಿ ಗುಡಿಸಿ ಮತ್ತೆ ತಕ್ಕಡಿ ಹಿಡಿದು ಕುಳಿತವರು ಅವನಂಥವರೇ. ಕಟ್ಟಡವನ್ನು ಕತ್ತೆತ್ತಿ ನೋಡದಿದ್ದರೂ ಅದನ್ನು ಬದುಕಿಸಿಕೊಂಡು ಬಂದವರು ಅವರು. ನನ್ನ ಜಗಳವಿರುವುದು ನನ್ನಂಥವರೊಡನೆ, ಎಂದರೆ ಭಾನುವಾರ ಕಾಫಿಯ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ಈ ಪುರವಣಿಯನ್ನು ಬಿಡಿಸುವ ನಮ್ಮೊಡನೆ. ಓದು ಬಲ್ಲವರು, ಬಿಡುವುಳ್ಳವರು, ಹಂಪಿಗೂ ಹಳೇಬೀಡಿಗೂ ಮಕ್ಕಳನ್ನು ಕರೆದುಕೊಂಡು ಹೋಗಿ ಕಂಬಕಂಬಕ್ಕೂ ಫೋಟೋ ಹಿಡಿದು ಬರುವವರು ನಾವು. ಆದರೆ ನಾವು ಮೂವತ್ತು ವರ್ಷ ನಡೆದಾಡಿದ ಬೀದಿಯಲ್ಲಿ ಮೂಲೆಯ ಮನೆಯ ಹಣೆಯ ಮೇಲೆ ಗಾರೆಯಲ್ಲಿ ಮೂಡಿಸಿದ ಇಸವಿ ಯಾವುದೆಂದು ಕೇಳಿದರೆ ಬಾಯಿ ಬಿಡುತ್ತೇವೆ.

ನನ್ನ ಸನ್ಮಿತ್ರರೊಬ್ಬರಿದ್ದಾರೆ, ನಿವೃತ್ತ ಇಂಜಿನಿಯರು, ಇಂದಿರಾನಗರದಲ್ಲಿ ವಾಸ. ಅವರ ವಾದ ಬಹಳ ನೇರವಾದದ್ದು. "ನಮ್ಮ ಕಡೆ ಏನು ಚರಿತ್ರೆ ಸ್ವಾಮಿ? ಹಲಸೂರಿನ ಸೋಮೇಶ್ವರನ ಗುಡಿ ಒಂದು ಬಿಟ್ಟರೆ ಮಿಕ್ಕದ್ದೆಲ್ಲ ಇಂಗ್ಲಿಷರ ದಂಡು. ಅವರು ಹೋದರು, ಅವರ ಬಂಗಲೆಗಳೂ ಹೋಗಲಿ. ಆಮೇಲೆ ಬಂದದ್ದು ಕಾರ್ಖಾನೆಗಳು. ತಗಡಿನ ಮಾಡನ್ನು ನೋಡಿ ಯಾರಾದರೂ ರಸಾನುಭವ ಪಡುತ್ತಾರೆಯೆ?" ಇದು ಅವರೊಬ್ಬರ ಮಾತಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ನಮ್ಮ ವರ್ಗದವರಲ್ಲಿ ನೂರಕ್ಕೆ ತೊಂಬತ್ತು ಮಂದಿಯ ಮನಸ್ಸಿನಲ್ಲಿರುವುದು ಇದೇ. ಆದ್ದರಿಂದ ಇದಕ್ಕೆ ಉತ್ತರ ಹೇಳಬೇಕಾಗಿದೆ.

ಮೊದಲು ಇಂಗ್ಲಿಷರ ವಿಷಯ. ದಂಡು ಇಲ್ಲಿಗೆ ಬಂದದ್ದು 1809ರಲ್ಲಿ. ಶ್ರೀರಂಗಪಟ್ಟಣದ ಹವೆ ಒಗ್ಗದೆ ಸೈನ್ಯ ಬೆಂಗಳೂರಿನ ಪೂರ್ವಕ್ಕೆ, ಹಲಸೂರು ಕೆರೆಯ ಬಳಿಗೆ ಬಂದಿತು. 1947ರಲ್ಲಿ ಈ ಪ್ರದೇಶ ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ನಿನಲ್ಲಿ ಸೇರಿದವು. ಈ ನೂರನಲವತ್ತು ವರ್ಷಗಳಲ್ಲಿ ಇಲ್ಲಿ ಎದ್ದ ಗೋಡೆಗಳನ್ನು ಕಟ್ಟಿದವರು ಯಾರು? ಕರ್ನಲ್ಲುಗಳು ಕರಣೆ ಹಿಡಿದಿದ್ದರೆ? ಅಠಾರ ಕಚೇರಿಯ ಕೆಂಪು ಕಟ್ಟಡವನ್ನು ನಮ್ಮ ಉಚ್ಚ ನ್ಯಾಯಾಲಯವೆಂದು ಎಲ್ಲರೂ ಬಲ್ಲರು. 1868ರಲ್ಲಿ ಮುಗಿದ ಆ ಕಟ್ಟಡದ ಗುತ್ತಿಗೆ ಹಿಡಿದು ಕಟ್ಟಿಸಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಗಳಿಸಿದ ಹಣದಲ್ಲಿ ಅವರು 1873ರಲ್ಲಿ ದಂಡಿನ ಬಡಮಕ್ಕಳಿಗಾಗಿ ಶಾಲೆ ತೆರೆದರು. ಅವರ ಹೆಸರಿನ ವಿದ್ಯಾಸಂಸ್ಥೆಗಳು ಹಲಸೂರು ಕೆರೆಯ ಆಸುಪಾಸಿನಲ್ಲಿ ಇಂದಿಗೂ ನಡೆಯುತ್ತಿವೆ. ಚರ್ಚಿಲ್ ಸಾಹೇಬರು ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದನ್ನು ಹೇಳುವಾಗ ನಮ್ಮ ಮುಖದಲ್ಲಿ ಒಂದು ಬಗೆಯ ಹೆಮ್ಮೆಯೂ ಮೂಡುತ್ತದೆ! ಆದರೆ ಮೊದಲಿಯಾರರ ಹೆಸರನ್ನು ಎಷ್ಟು ಜನ ಹೇಳಬಲ್ಲರು? ಹೀಗೆ ಸಾಲ ಮಾಡಿದವನನ್ನು ನೆನೆದು ಕಟ್ಟಿದವನನ್ನು ಮರೆತಿರುವ ನಾವು, ಕಟ್ಟಡವನ್ನು ದಾಸ್ಯದ ಗುರುತೆಂದು ಕರೆಯುತ್ತೇವೆ. ಅಠಾರ ಕಚೇರಿಯನ್ನೇ 1980ರ ದಶಕದಲ್ಲಿ ಕೆಡವುವ ಯೋಚನೆ ನಡೆದಿತ್ತು. ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಉಳಿಯಿತು. ಅಷ್ಟು ದೊಡ್ಡದಕ್ಕೇ ಆ ಗತಿಯಾದರೆ ಸಣ್ಣಪುಟ್ಟದ್ದರ ಪಾಡನ್ನು ನೀವೇ ಊಹಿಸಬಹುದು.

ನನಗೆ ಹೆಚ್ಚು ಮುಖ್ಯವಾಗಿರುವುದು ಆ ಸಣ್ಣಪುಟ್ಟದ್ದೇ.

ಫ್ರೇಜರ್ ಟೌನು, ಕಾಕ್ಸ್ ಟೌನು, ಕ್ಲೀವ್‌ಲ್ಯಾಂಡ್ ಟೌನುಗಳ ಅಡ್ಡರಸ್ತೆಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಹಳೆಯ ಮನೆ ಉಳಿದಿದೆ. ಕಿಟಕಿಯ ಮೇಲೆ ಚೂಪಾದ ಮರದ ಮುಸುಕು. ಸಣ್ಣ ಸಣ್ಣ ಮರದ ಪಟ್ಟಿಗಳನ್ನು ನೆಟ್ಟಗೆ ಜೋಡಿಸಿ, ತುದಿಗಳನ್ನು ಈಟಿಯ ಮೊನೆಯಂತೆ ಕತ್ತರಿಸಿ ಮಾಡಿದ್ದು. ಇದಕ್ಕೆ ಮಂಕಿ ಟಾಪ್ ಎಂದು ಹೆಸರು. ಏಕೆ ಬಂತು ಈ ಹೆಸರು ಎಂದರೆ ಒಬ್ಬೊಬ್ಬರದು ಒಂದೊಂದು ಕಥೆ, ಅದಿರಲಿ. ಮಳೆಯ ಎರಚಲು ಒಳಗೆ ಬಾರದಂತೆ, ಬಿಸಿಲಿನ ಝಳ ತಟ್ಟದಂತೆ ತಡೆದು, ಗಾಳಿಯನ್ನು ಮಾತ್ರ ಒಳಗೆ ಬಿಡುವ ಈ ಉಪಾಯ ಬೆಂಗಳೂರಿನ ಹವೆಗಾಗಿಯೇ ಹುಟ್ಟಿದಂತಿದೆ. ಬಾಗಿಲ ಮೇಲೆ, ಸೂರಿಗೆ ಒಂದು ಗೇಣು ಕೆಳಗೆ ಗೋಡೆಯಲ್ಲಿ ಗಾಳಿಕಿಂಡಿ. ಬಿಸಿಯಾದ ಗಾಳಿ ಮೇಲೇರಿ ಅಲ್ಲಿಂದ ಹೊರಟುಹೋಗುತ್ತದೆ. ಒಳಗೆ ಮದರಾಸು ತಾರಸಿ. ಮರದ ಜಂತೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಮಗ್ಗುಲಾಗಿ, ಓರೆಯಾಗಿ ಸಾಲುಗೂಡಿಸಿ, ಸುಣ್ಣದ ಗಾರೆ ಹಾಕಿ ಮಾಡುತ್ತಿದ್ದ ತಾರಸಿ ಅದು. ಕಬ್ಬಿಣವಿಲ್ಲ, ಸಿಮೆಂಟಿಲ್ಲ. ಈ ಕೆಲಸ ಬಲ್ಲ ಗಾರೆಯವರನ್ನು ಇಂದು ಬೆಂಗಳೂರಿನಲ್ಲಿ ಹುಡುಕಿ ನೋಡಿ. ನಮ್ಮ ಇಂಜಿನಿಯರ್ ಮಿತ್ರರೇ ಒಪ್ಪಿಕೊಂಡರು, ತಮಗೆ ಅದನ್ನು ಕಾಲೇಜಿನಲ್ಲಿ ಒಂದು ಚಿತ್ರದಲ್ಲಿ ತೋರಿಸಿದ್ದರಂತೆ, ಅಷ್ಟೆ.

ಹೆಂಚಿನ ಮಾತಂತೂ ಬೇರೆಯೇ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಪಾದ್ರಿಯ ಪ್ರಯತ್ನ. ನಮ್ಮ ಕರಾವಳಿಯ ನದಿಗಳ ಜೇಡಿಮಣ್ಣು. ನಮ್ಮ ಜನರ ಕೈಕೆಲಸ. ನೇತ್ರಾವತಿಯ ದಡದ ಮಣ್ಣು ಹೀಗೆ ಹೆಂಚಾಗಿ ಘಟ್ಟ ಹತ್ತಿ ದಂಡಿನ ಮನೆಗಳ ಮೇಲೆ ಕುಳಿತಿತು. ಪ್ರತಿ ಹೆಂಚಿನ ಮೈಮೇಲೂ ಕಾರ್ಖಾನೆಯ ಹೆಸರಿನ ಮುದ್ರೆಯಿರುತ್ತದೆ. ಎಂದರೆ ಹಳೆಯ ಮಾಡು ಒಂದು ಪುಸ್ತಕವಿದ್ದಂತೆ, ಓದಬಲ್ಲವರಿಗೆ. ಇಂದು ಆ ಹೆಂಚುಗಳು ಹಳೆ ಸಾಮಾನಿನ ಅಂಗಡಿಗೆ ಬಂದು, ಅಲ್ಲಿಂದ ಊರ ಹೊರಗಿನ ವಿಹಾರಧಾಮಗಳ ಅಲಂಕಾರಕ್ಕೆ ಹೋಗುತ್ತವೆ. ಹಳೆಯ ಮನೆ ಕೆಡವಿದ ಶ್ರೀಮಂತರು ರಜಾದಿನಗಳಲ್ಲಿ ಅಲ್ಲಿಗೆ ಹೋಗಿ, "ಎಷ್ಟು ತಣ್ಣಗಿದೆ!" ಎಂದು ಬೆರಗಾಗುತ್ತಾರೆ.

ಹಳೆಯದೆಲ್ಲ ಸೊಗಸು ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಉದ್ಯಾನನಗರಿಯ ಶೋಕಗೀತೆ ಹಾಡುವವರನ್ನು ಕಂಡರೆ ನನಗೆ ಬೇಸರ. ಫ್ರೇಜರ್ ಟೌನಿನ ಹಳೆಯ ಮನೆಗಳ ಹಿಂದೆ ಹೋಗಿ ನೋಡಿ. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಇಕ್ಕಟ್ಟಾದ ಓಣಿಯೊಂದು ಅಲ್ಲಲ್ಲಿ ಕಾಣುತ್ತದೆ. ಈಗ ಅದರಲ್ಲಿ ಮುರಿದ ಕುರ್ಚಿ, ಮೋಟಾರು ಸೈಕಲ್ಲು, ಎಲ್ಲೋ ಒಂದು ಕಡೆ ಯಾರದೋ ಅಡಿಗೆಮನೆಯ ವಿಸ್ತರಣೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಜನ ಹುಳುಗಳಂತೆ ಸತ್ತ ಮೇಲೆ ಗಾಳಿ ಬೆಳಕಿನ ಹೊಸ ಬಡಾವಣೆಗಳು ಹುಟ್ಟಿದವು. ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರ. ದಂಡಿನ ಕಡೆ ಫ್ರೇಜರ್ ಟೌನು. ಇಲಿಗಳು ಒಳಗೆ ಸೇರದಂತೆ ಮನೆ ಕಟ್ಟುವುದು ಹೇಗೆಂದು ಇಲ್ಲಿ ಪ್ರಯೋಗಗಳು ನಡೆದವು. ದಂಡಿನ ಮುನಿಸಿಪಾಲಿಟಿಯಲ್ಲಿದ್ದ ಜೆ. ಎಚ್. ಸ್ಟೀಫೆನ್ಸ್ ಎಂಬಾತ ಬೆಂಗಳೂರಿನಲ್ಲಿ ಪ್ಲೇಗು ತಾಕದ ಊರನ್ನು ಕಟ್ಟುವ ಬಗೆಯನ್ನು ಕುರಿತು 1914ರಲ್ಲಿ ಪುಸ್ತಕವನ್ನೇ ಬರೆದ. ಅಗಲವಾದ ರಸ್ತೆ, ಮನೆಮನೆಯ ನಡುವೆ ಅಂತರ, ಎಲ್ಲ ಸರಿ. ಆದರೆ ಆ ಹಿಂದಿನ ಓಣಿ? ಅದು ಮಲ ಹೊರುವವರು ಬರುವ ದಾರಿ. ಮುಂಬಾಗಿಲಿನಲ್ಲಿ ಕಾಣಿಸಿಕೊಳ್ಳದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಬೇಕು ಅವರು. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವವರೆಗೆ ಈ ಓಣಿಗಳಿಗೆ ಅದೇ ಉದ್ಯೋಗ.

ನಮ್ಮ ಪಾರಂಪರಿಕ ಪಟ್ಟಿಗಳಲ್ಲಿ ಇಂಥ ಓಣಿಗೆ ಜಾಗವಿರುವುದನ್ನು ನಾನು ಕಂಡಿಲ್ಲ. ಗೋಪುರವಿಲ್ಲ, ಕಮಾನಿಲ್ಲ. ಆದರೆ ಮುಂಬದಿಯ ಮಂಕಿ ಟಾಪನ್ನು ಮೆಚ್ಚುವವನು ಹಿಂಬದಿಯ ಓಣಿಯನ್ನೂ ನೋಡಲೇಬೇಕು. ಎರಡನ್ನೂ ಒಂದೇ ನಕ್ಷೆಯಲ್ಲಿ ಒಂದೇ ಕೈ ಬರೆದದ್ದು. ಒಂದನ್ನು ಚೌಕಟ್ಟು ಹಾಕಿ ಗೋಡೆಗೆ ತೂಗಿ, ಇನ್ನೊಂದಕ್ಕೆ ಕಸ ಸುರಿದು ಮುಚ್ಚುವುದನ್ನು ಚರಿತ್ರೆಯ ಪ್ರೀತಿ ಎನ್ನಲಾಗದು.

ಇನ್ನು ತಗಡಿನ ಮಾಡುಗಳ ವಿಷಯ. ಇಲ್ಲಿ ನನ್ನ ಮಿತ್ರರ ಮೇಲೆ ನನಗೆ ನಿಜವಾದ ಕೋಪವೇ ಇದೆ, ಏಕೆಂದರೆ ಅವರು ಸಂಬಳ ಎಣಿಸಿದ್ದು ಅದೇ ಮಾಡುಗಳ ಕೆಳಗೆ. ಬೆಂಗಳೂರು ಕೈಗಾರಿಕಾ ನಗರವಾದದ್ದು ಪಶ್ಚಿಮದಲ್ಲಿ ನೂಲಿನ ಗಿರಣಿಗಳಿಂದ. ಪೂರ್ವದಲ್ಲಿ ಲೋಹದಿಂದ, ವಿದ್ಯುತ್ತಿನಿಂದ. ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನೊಡನೆ ವಿಮಾನ ಕಾರ್ಖಾನೆ ಆರಂಭಿಸಿದ್ದು 1940ರಲ್ಲಿ. 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ. ಅದರ ಸುತ್ತ ಬೆಳೆದ ಊರಿಗೇ ದೂರವಾಣಿನಗರ ಎಂದು ಹೆಸರಾಯಿತು. ಎಷ್ಟು ಚೆನ್ನಾದ ಕನ್ನಡ ಹೆಸರು! ನಮ್ಮ ಮನೆಗಳ ಮೂಲೆಯಲ್ಲಿ ಕಸೂತಿಯ ಬಟ್ಟೆ ಹೊದ್ದು ಕುಳಿತಿರುತ್ತಿದ್ದ ಆ ಭಾರವಾದ ಕಪ್ಪು ಫೋನು ಹುಟ್ಟಿದ್ದು ಅಲ್ಲಿ. 1956ರಲ್ಲಿ ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಟ್ರಾನ್ಸ್‌ಫಾರ್ಮರು, ಮೋಟಾರು ತಯಾರಾಗುತ್ತಿದ್ದ ಆ ಕಾರ್ಖಾನೆ ಬಾಗಿಲು ಮುಚ್ಚಿ ಇಪ್ಪತ್ತು ವರ್ಷ ದಾಟಿದೆ. ಹಳೆಯ ಮದರಾಸು ರಸ್ತೆಯಲ್ಲಿ ಟಿನ್ ಫ್ಯಾಕ್ಟರಿ ಎಂಬ ಬಸ್ ನಿಲ್ದಾಣದಲ್ಲಿ ದಿನಕ್ಕೆ ಎಷ್ಟು ಸಾವಿರ ಜನ ಇಳಿದು ಹತ್ತುತ್ತಾರೋ ದೇವರೇ ಬಲ್ಲ. ಅವರಲ್ಲಿ ಒಬ್ಬರಾದರೂ, "ಎಲ್ಲಿ ಆ ಫ್ಯಾಕ್ಟರಿ?" ಎಂದು ಕೇಳಿದ್ದನ್ನು ನಾನು ಕೇಳಿಲ್ಲ.

ಕಾರ್ಖಾನೆಯ ಕಟ್ಟಡದಲ್ಲಿ ನೋಡುವುದಕ್ಕೇನಿದೆ ಎನ್ನುವವರು ಹಳೆಯ ಷೆಡ್ಡುಗಳ ಗರಗಸದ ಹಲ್ಲಿನಂಥ ಮಾಡನ್ನು ಒಮ್ಮೆ ಗಮನಿಸಬೇಕು. ಪ್ರತಿ ಹಲ್ಲಿನ ನೆಟ್ಟಗಿನ ಪಕ್ಕಕ್ಕೆ ಗಾಜು. ಆ ಗಾಜು ಉತ್ತರಕ್ಕೆ ಮುಖ ಮಾಡಿರುತ್ತದೆ. ಸೂರ್ಯ ನಮಗೆ ವರ್ಷದ ಬಹುಭಾಗ ದಕ್ಷಿಣಕ್ಕೆ ವಾಲಿ ನಡೆಯುವುದರಿಂದ ನೇರ ಬಿಸಿಲು ಒಳಗೆ ಬೀಳುವುದಿಲ್ಲ. ದಿನವಿಡೀ ನೆರಳಿಲ್ಲದ ತಂಪು ಬೆಳಕು. ಲೇತಿನ ಮುಂದೆ ನಿಂತವನ ಕಣ್ಣು ಕುಕ್ಕುವುದಿಲ್ಲ, ಅಳತೆ ತಪ್ಪುವುದಿಲ್ಲ. ಕೆಲಸಗಾರನ ಕಣ್ಣಿಗಾಗಿ ಮಾಡನ್ನೇ ಮಡಿಸಿ ಕಟ್ಟಿದ ಈ ಬುದ್ಧಿಗೆ ಸೌಂದರ್ಯವಿಲ್ಲವೆನ್ನುವವರು ಸೌಂದರ್ಯವೆಂದರೆ ಏನೆಂದು ತಿಳಿದಿದ್ದಾರೋ! ನಮ್ಮ ನಾಡಿನ ಸಾವಿರಾರು ಹಳ್ಳಿಯ ಹುಡುಗರು ಮೊದಲ ಬಾರಿಗೆ ತಿಂಗಳ ಸಂಬಳವೆಂಬುದನ್ನು ಕಂಡದ್ದು, ಬೇರೆ ಜಾತಿಯವನ ಪಕ್ಕದಲ್ಲಿ ಕುಳಿತು ಕ್ಯಾಂಟೀನಿನಲ್ಲಿ ಉಂಡದ್ದು ಇಂಥ ಬೆಳಕಿನಲ್ಲಿ. ಸೋಮೇಶ್ವರನ ಗುಡಿಯ ಕಂಬದಷ್ಟೇ ಇದೂ ನಮ್ಮದು. ಇವು ಸರಕಾರದ ಸೊತ್ತಾಗಿದ್ದ ಕಟ್ಟಡಗಳು ಬೇರೆ. ವಿಧವೆಯೊಬ್ಬಳು ಸೋರುವ ಮಾಡನ್ನು ರಿಪೇರಿ ಮಾಡಿಸಲಾರದೆ ಮಾರಿಕೊಂಡಳೆಂಬ ನೆಪ ಇಲ್ಲಿ ನಡೆಯದು.

ಕೆಲವು ಕಟ್ಟಡಗಳು ಇಷ್ಟೂ ದೊಡ್ಡವಾಗಿರುವುದಿಲ್ಲ. ಕೊತ್ತನೂರಿನ ಆಚೆ, ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಅಂಥದೊಂದಿತ್ತು. ನೋಡಿದರೆ ಹೊಲದ ಪಂಪುಮನೆಯೆನ್ನಬೇಕು. ಅದರ ಕಥೆ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1800ರ ಕೊನೆಯ ತಿಂಗಳುಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ನಮ್ಮ ಬಾಣಸವಾಡಿಯಿಂದ ಅಗರದವರೆಗೆ ನೆಲದ ಮೇಲೆ ಉಕ್ಕಿನ ಸರಪಳಿ ಹಾಸಿ ಏಳು ಮೈಲಿಗೂ ಮಿಕ್ಕ ಒಂದು ನೇರಗೆರೆಯನ್ನು ಅಳೆದ. ಒಂದು ಗೆರೆಯನ್ನು ತಪ್ಪಿಲ್ಲದೆ ಅಳೆದರೆ ಅದರ ಮೇಲೆ ತ್ರಿಕೋನ, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಇಡೀ ದೇಶವನ್ನು ಅಳೆಯಬಹುದೆಂಬುದು ಅವನ ಲೆಕ್ಕ. 1802ರಲ್ಲಿ ಮದರಾಸಿನಿಂದ ಅವನು ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೆಯೇ ಮುಂದೆ ಹಿಮಾಲಯದವರೆಗೆ ಹೋಗಿ ಎವರೆಸ್ಟಿನ ಎತ್ತರವನ್ನು ಹೇಳಿತು. ಆ ಸರ್ವೆಯವರು 1868ರಲ್ಲಿ ಮತ್ತೆ ಬೆಂಗಳೂರಿನಲ್ಲಿ ಒಂದು ಗೆರೆಯನ್ನು ಅಳೆದರು. ಅದರ ಒಂದು ಕೊನೆ ಈಗಿನ ಮೇಖ್ರಿ ವೃತ್ತದ ಬಳಿ. ಇನ್ನೊಂದು ಕೊನೆ ಕಣ್ಣೂರಿನಲ್ಲಿ. ಆ ಕೊನೆಯ ಗುರುತಿನ ಮೇಲೆ ನಿಂತಿತ್ತು ಈ ಪುಟ್ಟ ಕಟ್ಟಡ.

ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಬಿಸಿಲು ಮಳೆಗೆ ನಿಂತು, 2024ರಲ್ಲಿ ಅದು ನೆಲಸಮವಾಯಿತು. ಪತ್ರಿಕೆಯಲ್ಲಿ ಸುದ್ದಿ ಬಂತು, ನಾವು ಓದಿದೆವು, ಪುಟ ತಿರುವಿದೆವು. ಬಾಣಸವಾಡಿಯಲ್ಲಿ ಇಂದು ಲಕ್ಷಾಂತರ ಜನರಿದ್ದಾರೆ. ಎವರೆಸ್ಟಿನ ಕಡೆಗೆ ನಡೆದ ಆ ದಾರಿಯ ಮೊದಲ ಹೆಜ್ಜೆಗಳು ತಮ್ಮ ಊರಿನಲ್ಲಿ ಬಿದ್ದವೆಂದು ಹೇಳುವ ಒಂದು ಕಲ್ಲನ್ನೂ ಅಲ್ಲಿ ನಾನು ಕಾಣಲಿಲ್ಲ.

ಕಾನೂನು ಇಲ್ಲವೆ ಎಂದು ಕೇಳುವಿರಿ. ಇದೆ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯುಂಟು. ಆದರೆ ಸ್ಮಾರಕವೆಂದು ಘೋಷಿಸಿದ್ದಕ್ಕಷ್ಟೆ ಅದರ ರಕ್ಷೆ. ಘೋಷಿಸಬೇಕಾದರೆ ಅದು ಇದೆಯೆಂದು ಯಾರಿಗಾದರೂ ತಿಳಿದಿರಬೇಕು. ತಿಳಿಯಬೇಕಾದರೆ ಯಾರಾದರೂ ತಲೆಯೆತ್ತಿ ನೋಡಿರಬೇಕು. ಮತ್ತೆ ಮಾತು ಪುದೀನದ ಗಾಡಿಯ ಬಳಿಗೇ ಬಂತು.

ಇಷ್ಟೆಲ್ಲ ಬರೆಯುವ ನಾನು ಯಾರು? ಕಾಕ್ಸ್ ಟೌನಿನಲ್ಲಿ ನಮ್ಮ ತಾತ ಕಟ್ಟಿಸಿದ ಮನೆಯೊಂದಿತ್ತು. ಮುಂದೆ ಕಂಬದ ಜಗುಲಿ, ಕೆಂಪು ಗಾರೆಯ ನೆಲ, ಹಣೆಯ ಮೇಲೆ ಹೂಬಳ್ಳಿಯ ನಡುವೆ ಒಂದು ಇಸವಿ. 1994ರಲ್ಲಿ ಅಣ್ಣತಮ್ಮಂದಿರು ನಾವು ಮೂವರೂ ಒಮ್ಮತದಿಂದ ಸಹಿ ಹಾಕಿ ಅದನ್ನು ಕಟ್ಟಡದ ವ್ಯಾಪಾರಿಯೊಬ್ಬರಿಗೆ ಕೊಟ್ಟೆವು. ತಲಾ ಒಂದೊಂದು ಫ್ಲಾಟು ಬಂತು. ನನ್ನ ಮಗಳ ಮದುವೆಯಾದದ್ದು ಆ ಹಣದಿಂದ. ಆದ್ದರಿಂದ ಮಾರಿದ್ದು ತಪ್ಪೆಂದು ನಾನು ಸುಳ್ಳು ಹೇಳಲಾರೆ. ಆದರೆ ಕೆಡವುವ ದಿನ ನಾನು ಹೋಗಲಿಲ್ಲ. ಆಫೀಸಿನಲ್ಲಿ ಕೆಲಸವಿತ್ತು. ಒಂದು ಫೋಟೋ ತೆಗೆಸಬೇಕೆಂದು ಮೂವರಲ್ಲಿ ಒಬ್ಬರಿಗೂ ತೋಚಲಿಲ್ಲ. ನಾಲ್ಕನೆಯ ದಿನ ಹೋದಾಗ ಹೆಂಚುಗಳನ್ನು ಲಾರಿಗೆ ತುಂಬುತ್ತಿದ್ದರು. ಮೂರನ್ನು ಕೇಳಿ ತಂದೆ. ಅದರ ಬೆನ್ನಿನ ಮೇಲೆ ಅಕ್ಷರಗಳಿವೆಯೆಂದು ನಾನು ಕಂಡದ್ದು ಅಂದು. ಆ ಮಾಡಿನ ಕೆಳಗೆ ನಲವತ್ತು ವರ್ಷ ಮಲಗಿದ ಮೇಲೆ. ಹಣೆಯ ಮೇಲಿದ್ದ ಇಸವಿ ಯಾವುದೆಂದು ಈಗ ನಾವು ಮೂವರೂ ಜಗಳವಾಡುತ್ತೇವೆ. ಅಣ್ಣ 1924 ಎನ್ನುತ್ತಾನೆ, ತಮ್ಮ 1927 ಎನ್ನುತ್ತಾನೆ.

ಆದ್ದರಿಂದ ಎಲ್ಲ ಹಳೆಯ ಮನೆಗಳನ್ನೂ ಉಳಿಸಿರೆಂದು ನಾನು ಕೇಳುತ್ತಿಲ್ಲ. ಕೇಳುವ ಹಕ್ಕೂ ನನಗಿಲ್ಲ. ನನ್ನ ಬೇಡಿಕೆ ಚಿಕ್ಕದು. ಹೊಸ ಕಟ್ಟಡಕ್ಕೆ ಅನುಮತಿ ಬೇಡುವವನಿಂದ ಪಾಲಿಕೆಯವರು ನಕ್ಷೆ ಕೇಳುತ್ತಾರೆ, ಕಂದಾಯದ ರಸೀತಿ ಕೇಳುತ್ತಾರೆ. ಐವತ್ತು ವರ್ಷ ದಾಟಿದ ಕಟ್ಟಡವನ್ನು ಕೆಡವುವವನಿಂದ ಅದರ ನಾಲ್ಕು ದಿಕ್ಕಿನ ನಾಲ್ಕು ಫೋಟೋ, ಅಳತೆಯ ಒಂದು ನಕ್ಷೆ, ಕಟ್ಟಿಸಿದವರ ಹೆಸರು, ಗೊತ್ತಿದ್ದರೆ ಕಟ್ಟಿದ ಮೇಸ್ತ್ರಿಯ ಹೆಸರು, ಇಷ್ಟನ್ನು ಕೇಳಲಿ. ಹಣೆಯ ಇಸವಿಯ ಗಾರೆಯನ್ನೋ ಹೆಸರಿನ ಕಲ್ಲನ್ನೋ ಒಡೆಯದೆ ತೆಗೆದು ಬಡಾವಣೆಯ ಗ್ರಂಥಾಲಯಕ್ಕೆ ಕೊಡುವುದು ಕಡ್ಡಾಯವಾಗಲಿ. ಕೈಯಲ್ಲೇ ಕ್ಯಾಮರಾ ಇಟ್ಟುಕೊಂಡು ಓಡಾಡುವ ಈ ಕಾಲದಲ್ಲಿ ಇದಕ್ಕೆ ಖರ್ಚಾದರೂ ಎಷ್ಟು?

ಈ ಸಲಹೆಯನ್ನು ಬರೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದ ಯುವಕರು ಸಜ್ಜನರು, ಕುರ್ಚಿ ಕೊಟ್ಟರು. ಪೂರ್ತಿ ಓದಿದರು. "ಸಾರ್, ಒಡೆದು ಹಾಕೋ ಕಟ್ಟಡದ ನಕ್ಷೆ ಯಾಕೆ ಸಾರ್?" ಎಂದರು. ಅವರು ಕುಳಿತಿದ್ದ ಕೋಣೆಯ ಮೇಲೆ ಮದರಾಸು ತಾರಸಿಯಿತ್ತು. ಬಣ್ಣದ ಮೇಲೆ ಬಣ್ಣ ಬಳಿದಿದ್ದರೂ ಇಟ್ಟಿಗೆಯ ಓರೆ ಸಾಲುಗಳು ಜಂತೆಗಳ ನಡುವೆ ಕಾಣುತ್ತಿದ್ದವು. ನಾನು ಮೇಲೆ ನೋಡಿದೆ. ಅವರೂ ನೋಡಿದರು.

"ಸೋರ್ತಾ ಇದೆಯಾ ಸಾರ್?" ಎಂದು ಕೇಳಿದರು.